ನಾಯ್ಸ್ ಹೊರತರುವುದು ಯಾವುದರಲ್ಲಿ: ಹೊಸ ಕ್ಯಾಸೆಟ್ಟೇ, ಗುಜರಿ ಕ್ಯಾಸೆಟ್ಟೇ, ಸಿಡಿಯೇ, ಬರೀ ಫೈಲೇ?

ನಾಯ್ಸ್ ಅಂದರೆ ರಾಗ, ತಾಳ ಬಿಟ್ಟು ಗದ್ದಲವನ್ನೇ ಕೇಳಿಸುವ ಸಂಗೀತ. ಈ ಮಳೆಗಾಲ ಶುರುವಾದ ಮೇಲೆ ಅದರ ಬಗ್ಗೆ ಒಂದೇ ಪ್ರಶ್ನೆ ಮೂರು ಕಡೆಯಿಂದ ನನ್ನ ಹತ್ತಿರ ಬಂತು. ಮಣಿಪಾಲದಲ್ಲಿ ಓದುವ ಹುಡುಗನೊಬ್ಬ ಮಲ್ಪೆ ಬಂದರಿನಲ್ಲಿ ಐಸ್ ಪುಡಿ ಮಾಡುವ ಯಂತ್ರದ ಸದ್ದು ಹಿಡಿದಿದ್ದಾನೆ. ಅದನ್ನು ಸದ್ದನ್ನು ಒಡೆದು ಒರಟು ಮಾಡುವ ಡಿಸ್ಟಾರ್ಶನ್ ಪೆಡಲ್‌ಗಳ ಮೂಲಕ ಹಾಯಿಸಿ 28 ನಿಮಿಷದ ಒಂದು ರೆಕಾರ್ಡಿಂಗ್ ಮಾಡಿದ್ದಾನೆ. ಸುರತ್ಕಲ್ಲಿನ ಇಬ್ಬರು ಗೆಳತಿಯರು ಚೆಂಡೆಗೆ ಅದರ ಮೈನಡುಕವನ್ನೇ ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ಕೋಲೇ ಮುಟ್ಟಿಸದೆ, ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಸೇರಿ ಸುತ್ತುವ ಫೀಡ್‌ಬ್ಯಾಕ್‌ನಲ್ಲೇ ಅದನ್ನು ಗುಂಯ್‌ಗುಡಿಸಿದ್ದಾರೆ. ಮೂರನೆಯವರು ಮಂಗಳೂರಿನ ಜೆಪ್ಪುವಿನ ಹಿರಿಯರು. ಮನೆಯ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯನ್ನು ಹಲವು ವರ್ಷ ರೆಕಾರ್ಡ್ ಮಾಡಿ ಒಂದರ ಮೇಲೊಂದು ಪೇರಿಸಿದ್ದಾರೆ.

ಮೂವರೂ ಕೇಳಿದ್ದು ಇಷ್ಟೇ: "ಇದನ್ನು ಕ್ಯಾಸೆಟ್‌ನಲ್ಲಿ ತರಬೇಕಾ, ಅಲ್ಲ ಸುಮ್ನೆ ನೆಟ್ಟಿಗೆ ಹಾಕಿದರೆ ಸಾಕಾ?"

ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಬರೆಯುತ್ತೇನೆ. ನಿಮ್ಮ ಸದ್ದು ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಅಂತ ನೋಡಿಕೊಳ್ಳಿ.

ಮೊದಲು ಅಳತೆಗೋಲು

ನಾನು ಎಲ್ಲಕ್ಕಿಂತ ಮುಂಚೆ ಕೇಳುವುದು, ಟೇಪು ನಿಮ್ಮ ಸದ್ದಿಗೆ ಏನು ಮಾಡುತ್ತದೆ ಅಂತ. ಕ್ಯಾಸೆಟ್ಟಿನ ಟೇಪು ಬರೀ 3.81 ಮಿಲಿಮೀಟರ್ ಅಗಲ. ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. ಫಿಲಿಪ್ಸ್ 1963ರಲ್ಲಿ ಇದನ್ನು ಹೊರತಂದಾಗ ಮಾತು ರೆಕಾರ್ಡ್ ಮಾಡಿದರೆ ಸಾಕು ಅನ್ನುವ ಲೆಕ್ಕವಿತ್ತು. ಇಷ್ಟು ಸಪೂರದ, ಇಷ್ಟು ನಿಧಾನದ ಟೇಪಿನಲ್ಲಿ ಮೂರು ಗುಣ ಹುಟ್ಟಿನಿಂದಲೇ ಬರುತ್ತವೆ. ಹಿನ್ನೆಲೆಯಲ್ಲಿ ಯಾವಾಗಲೂ ಸ್ಸ್ ಅನ್ನುವ ಹಿಸ್ ಇರುತ್ತದೆ. ಲೆವೆಲ್ ಜಾಸ್ತಿ ಮಾಡಿದರೆ ಚೂಪು ಸ್ವರಗಳು ಮೊದಲು ತುಂಬಿ, ಒತ್ತಿಕೊಂಡು, ಮೊಂಡಾಗುತ್ತವೆ. ಮೋಟರು, ಬೆಲ್ಟು ಸ್ವಲ್ಪ ಅಲುಗಿದರೂ ಸ್ವರ ತೇಲಾಡುತ್ತದೆ. ಹಾಡಿನವರಿಗೆ ಈ ಮೂರೂ ದೋಷ. ನಾಯ್ಸ್ ಮಾಡುವವರಿಗೆ ಕೆಲವು ಸಲ ಇವೇ ವಾದ್ಯ, ಕೆಲವು ಸಲ ಇವೇ ಶತ್ರು.

ಎರಡನೆಯದು, ಕೇಳುವವರ ಮನೆಯಲ್ಲಿ ಏನಿದೆ? ಟೇಪ್ ರೆಕಾರ್ಡರ್ ಇಲ್ಲದವರಿಗೆ ಕ್ಯಾಸೆಟ್ ಕೊಟ್ಟರೆ ಅದು ಕಪಾಟಿನಲ್ಲಿ ಕೂರುತ್ತದೆ. ಮೂರನೆಯದು ದುಡ್ಡು ಮತ್ತು ಪ್ರತಿಗಳ ಸಂಖ್ಯೆ. ನಾಲ್ಕನೆಯದು ನಮ್ಮ ಕರಾವಳಿಗೇ ಸೇರಿದ್ದು, ಅದು ಮಳೆ. ಜುಲೈಯಲ್ಲಿ ಇಲ್ಲಿ ಗಾಳಿಯ ತೇವ ಶೇಕಡ 90ರ ಹತ್ತಿರ ಓಡಾಡುತ್ತದೆ. ಬೆಂಗಳೂರಿನವರು ಬರೆದ ಸಲಹೆಯಲ್ಲಿ ಇದರ ಮಾತೇ ಇರುವುದಿಲ್ಲ.

ಹೊಸ ಖಾಲಿ ಕ್ಯಾಸೆಟ್, ಮನೆಯಲ್ಲೇ ಡಬ್ಬಿಂಗ್

ಜಪಾನಿನ ನಾಯ್ಸ್ ಕಲಾವಿದ ಮಸಾಮಿ ಅಕಿತಾ, ವೇದಿಕೆಯ ಹೆಸರಿನಲ್ಲಿ ಮೆರ್ಜ್‌ಬೌ, ಶುರು ಮಾಡಿದ್ದು ಹೀಗೆ. 1979ರಲ್ಲಿ ಲೋಯೆಸ್ಟ್ ಮ್ಯೂಸಿಕ್ ಅಂಡ್ ಆರ್ಟ್ಸ್ ಅಂತ ತನ್ನದೇ ಲೇಬಲ್, ಅಂದರೆ ಸಂಗೀತ ಹೊರತರುವ ಸಂಸ್ಥೆ, ಮಾಡಿಕೊಂಡರು. ಕ್ಯಾಸೆಟ್ ಡಬ್ ಮಾಡಿ, ಅಂದರೆ ಪ್ರತಿ ತೆಗೆದು, ಕೊಲಾಜ್ ಚಿತ್ರಗಳನ್ನು ಜೆರಾಕ್ಸ್ ತೆಗೆದು ಹೊದಿಕೆ ಮಾಡಿ, ಅಂಚೆಯಲ್ಲಿ ಬೇರೆ ದೇಶದವರ ಜೊತೆ ಬದಲಾಯಿಸಿಕೊಂಡರು. ಲೇಬಲ್ ಅಂದರೆ ಕಚೇರಿ, ಸ್ಟುಡಿಯೊ ಏನೂ ಬೇಕಾಗಿರಲಿಲ್ಲ. ಒಂದು ಡೆಕ್ (ಕ್ಯಾಸೆಟ್ ರೆಕಾರ್ಡ್ ಮಾಡುವ ಯಂತ್ರ), ಒಂದು ಜೆರಾಕ್ಸ್ ಅಂಗಡಿ, ಒಂದು ಅಂಚೆ ಕಚೇರಿ. ಈ ಮೂರೂ ಮಂಗಳೂರಿನ ಹಂಪನಕಟ್ಟೆಯ ಅಕ್ಕಪಕ್ಕದಲ್ಲಿ ಇವತ್ತಿಗೂ ಹೊಂದಿಸಬಹುದು ಅನ್ನುವುದೇ ನನ್ನನ್ನು ಈ ದಾರಿಗೆ ಎಳೆದದ್ದು.

ಐಸ್ ಯಂತ್ರದ ಹುಡುಗನಿಗೆ ನಾನು ಹೇಳಿದ್ದು ಕ್ಯಾಸೆಟ್ಟೇ. ಅವನದ್ದು ಒಂದೇ ಸಮನೆ ಗೋಡೆಯ ಹಾಗೆ ನಿಂತ ಸದ್ದು. ಫ್ರಾನ್ಸಿನ ವೋಮಿರ್, ಕೆನಡಾದ ದ ರೀಟಾ ಅನ್ನುವ ಕಲಾವಿದರು ಮಾಡುವ ಜಾತಿಯದು. ಅಂಥ ಸದ್ದಿನಡಿ ಹಿಸ್ ಕೇಳಿಸುವುದೇ ಇಲ್ಲ. ಲೆವೆಲ್ ಮುಳ್ಳನ್ನು ಕೆಂಪಿನೊಳಗೆ ತಳ್ಳಿದರೆ ಮೇಲಿನ ಚೂಪು ಮೊಂಡಾಗಿ, ನಡುವಿನ ಗುಡುಗು ಗಟ್ಟಿಯಾಗಿ ಮುಂದೆ ಬರುತ್ತದೆ. ಅವನ ಫೈಲ್ ಕೇಳಿದಾಗ ಕಿವಿ ಚುಚ್ಚುತ್ತಿತ್ತು. ಟೇಪಿನಲ್ಲಿ ಅದೇ ಸದ್ದಿಗೆ ಒಂದು ಮೈ ಬಂತು. ಕಂಪ್ಯೂಟರಿನಲ್ಲಿ ಇದರ ನಕಲು ಮಾಡುವ ಸಾಫ್ಟ್‌ವೇರ್ ಇದೆ ನಿಜ. ಆದರೆ ನಿಜವಾದ ಟೇಪು ಕೈಯಲ್ಲಿರುವಾಗ ನಕಲು ಯಾಕೆ?

ಸಮಯದ ಲೆಕ್ಕ ಹಾಕಿಕೊಳ್ಳಿ. ಸಿ-30 ಅಂದರೆ ಒಂದು ಬದಿ 15 ನಿಮಿಷ. 20 ಪ್ರತಿ ಬೇಕಾದರೆ ಒಂದೇ ಡೆಕ್ಕಿನಲ್ಲಿ ಪೂರಾ 10 ಗಂಟೆ. ಡಬಲ್ ಡೆಕ್ಕಿನ ಹೈ-ಸ್ಪೀಡ್ ಡಬ್ಬಿಂಗ್ ಬಟನ್ ಕಂಡರೆ ಆಸೆಯಾಗುತ್ತದೆ. ಅದನ್ನು ಒತ್ತಬೇಡಿ. ಟೇಪಿನಿಂದ ಟೇಪಿಗೆ ನಕಲು ಮಾಡಿದಾಗ ಒಂದು ತಲೆಮಾರಿನ ಹಿಸ್ ಸೇರುತ್ತದೆ, ವೇಗದಲ್ಲಿ ಮಾಡಿದರೆ ಚೂಪು ಇನ್ನಷ್ಟು ಹೋಗುತ್ತದೆ. ಪ್ರತಿ ಕ್ಯಾಸೆಟ್ಟನ್ನೂ ಕಂಪ್ಯೂಟರಿನಿಂದ ನೇರ ತುಂಬಿಸಿ. ಎರಡು ಶನಿವಾರ ಹೋಗುತ್ತದೆ, ಹೋಗಲಿ.

ಹಿಸ್ ತಗ್ಗಿಸಲು ಇರುವ ಡಾಲ್ಬಿ ಬಟನ್ ಆಫ್ ಇರಲಿ. ಸಣ್ಣ ಲೆವೆಲ್ಲಿನ ಚೂಪು ಸ್ವರಗಳನ್ನು ರೆಕಾರ್ಡ್ ಮಾಡುವಾಗ ಏರಿಸಿ, ಕೇಳುವಾಗ ಇಳಿಸುವುದು ಅದರ ಕೆಲಸ. ಕೇಳುವವರ ಯಂತ್ರದಲ್ಲಿ ಡಾಲ್ಬಿ ಇಲ್ಲದಿದ್ದರೆ ನಿಮ್ಮ ಸದ್ದು ತಿರುಚಿಕೊಳ್ಳುತ್ತದೆ. ಈಗ ಹೊಸದಾಗಿ ಬರುವ ಪ್ಲೇಯರ್‌ಗಳಲ್ಲಿ ಡಾಲ್ಬಿ ಇರುವುದಿಲ್ಲ.

ಟೇಪಿನ ಉದ್ದದಲ್ಲೂ ದುರಾಸೆ ಬೇಡ. ಸಿ-60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-90 ಸುಮಾರು 12, ಸಿ-120 ಸುಮಾರು 9. ತೆಳುವಾದಷ್ಟೂ ಹಳೆ ಯಂತ್ರದಲ್ಲಿ ಸಿಕ್ಕಿಕೊಂಡು ರೀಲು ಹೊರಗೆ ಬರುವ ಭಯ ಜಾಸ್ತಿ. ಜೊತೆಗೆ, ಸುತ್ತಿಟ್ಟ ಟೇಪಿನ ಒಂದು ಪದರದ ಸದ್ದು ಪಕ್ಕದ ಪದರಕ್ಕೆ ಅಂಟಿ ಮೊದಲೇ ಮೆಲ್ಲಗೆ ಕೇಳಿಸುತ್ತದೆ. ಗೋಡೆಯಂಥ ನಾಯ್ಸ್‌ಗೆ ಇದು ಗೊತ್ತೇ ಆಗುವುದಿಲ್ಲ. ಮೌನ ಇರುವ ರೆಕಾರ್ಡಿಂಗ್ ಆದರೆ ಕೆಡಿಸುತ್ತದೆ.

ಹೊದಿಕೆಗೆ ಒಂದು ಎ4 ಹಾಳೆಯಲ್ಲಿ ನಾಲ್ಕು ಕಾರ್ಡು ಧಾರಾಳವಾಗಿ ಕೂರುತ್ತವೆ. ಇಂಕ್‌ಜೆಟ್ ಪ್ರಿಂಟ್ ನಮ್ಮ ಊರಿಗಲ್ಲ. ಒದ್ದೆ ಕೈ ತಾಗಿದರೆ ಬಣ್ಣ ಹರಡುತ್ತದೆ. ಜೆರಾಕ್ಸ್‌ನ ಟೋನರ್ ನಿಲ್ಲುತ್ತದೆ, ನೋಡಲೂ ಈ ಸಂಗೀತಕ್ಕೆ ಅದೇ ಚಂದ.

ಗುಜರಿ ಕ್ಯಾಸೆಟ್: ಅಗ್ಗ, ಆದರೆ ಮೊದಲು ಕೇಳಿ

ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಅನ್ನುವ ಊರಲ್ಲಿ ರಾನ್ ಲೆಸಾರ್ಡ್ ಅವರ ಆರ್‌ಆರ್‌ರೆಕಾರ್ಡ್ಸ್ ಅಂತ ಅಂಗಡಿಯೂ ಲೇಬಲ್ಲೂ ಇತ್ತು. ಅವರ ರೀಸೈಕಲ್ಡ್ ಮ್ಯೂಸಿಕ್ ಸರಣಿ ನಾಯ್ಸ್ ಕೇಳುವವರಿಗೆಲ್ಲ ಗೊತ್ತು. ಯಾರಿಗೂ ಬೇಡವಾದ ಹಳೆ ಹಾಡಿನ ಕ್ಯಾಸೆಟ್ಟಿನ ಮೇಲೆಯೇ ನಾಯ್ಸ್ ರೆಕಾರ್ಡ್ ಮಾಡುವುದು, ಹಳೆ ಹೊದಿಕೆಯ ಮೇಲೆ ಬೂದು ಬಣ್ಣದ ಅಂಟು ಟೇಪ್ ಸುತ್ತಿ ಮಾರ್ಕರಿನಲ್ಲಿ ಹೆಸರು ಬರೆಯುವುದು. ನಾಯ್ಸ್ ಮುಗಿದ ಕೂಡಲೇ ಅಡಿಯಲ್ಲಿದ್ದ ಹಳೆ ಹಾಡು ತಟ್ಟನೆ ಕೇಳಿಸಿಬಿಡುವುದೂ ಉಂಟು. ಪ್ರತಿ ಪ್ರತಿಯೂ ಬೇರೆ.

ಇದು ನಮಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಬಂದರಿನ ಕಡೆಯ ಗುಜರಿಗಳಲ್ಲಿ ಹಳೆ ಸಿನಿಮಾ ಹಾಡು, ಭಕ್ತಿಗೀತೆಯ ಕ್ಯಾಸೆಟ್ಟುಗಳನ್ನು ನಾನು ಗೋಣಿಯಲ್ಲೇ ಕಂಡಿದ್ದೇನೆ. ಹತ್ತಿಪ್ಪತ್ತು ರೂಪಾಯಿಗೆ ಒಂದು ಬಂದದ್ದುಂಟು. ಹೊಸ ಖಾಲಿ ಕ್ಯಾಸೆಟ್ಟಿಗೆ ನಾನು ಕೊಟ್ಟಿದ್ದು ಅದರ ಎಷ್ಟೋ ಪಟ್ಟು. ಖರೀದಿಗೆ ಮುಂಚೆ ಕಿಟಕಿಯಲ್ಲಿ ಇಣುಕಿ ನೋಡಿ. ರೀಲಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಬಿಟ್ಟುಬಿಡಿ. ಅದು ನಿಮ್ಮ ಡೆಕ್ಕಿನಲ್ಲಿ ಟೇಪು ಓದುವ ಹೆಡ್ಡಿಗೆ, ಅಲ್ಲಿಂದ ಉಳಿದ ಎಲ್ಲ ಟೇಪಿಗೆ ಹಬ್ಬುತ್ತದೆ. ಟೇಪಿನ ಹಿಂದೆ ಸ್ಪಂಜಿನ ಸಣ್ಣ ಪ್ಯಾಡ್ ಇದೆಯಾ ನೋಡಿ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಸದ್ದು ಬರುತ್ತದೆ, ಹೋಗುತ್ತದೆ.

ಕಂಪನಿ ಕ್ಯಾಸೆಟ್ಟಿನ ಮೇಲ್ಭಾಗದ ಮೂಲೆಗಳಲ್ಲಿ ಎರಡು ತೂತು ಇರುತ್ತವೆ. ಅವನ್ನು ಸೆಲ್ಲೊಟೇಪಿನಿಂದ ಮುಚ್ಚಿದರೆ ರೆಕಾರ್ಡ್ ಆಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ತೂತು ಇದ್ದರೆ ಅದು ಕ್ರೋಮ್ ಟೇಪಿನ ಗುರುತು. ಅದನ್ನು ಮುಚ್ಚಬಾರದು.

ಈ ದಾರಿಯಲ್ಲಿ ಒಂದು ದೊಡ್ಡ ಎಚ್ಚರ ಬೇಕು. ಇದನ್ನು ನಾನು ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಆಟಕ್ಕೆ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗುವವರಿದ್ದರು. ರಂಗಸ್ಥಳದ ಎದುರು ಕೂತು ಭಾಗವತರ ಪದ, ಅರ್ಥಗಾರಿಕೆ ಎಲ್ಲ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ತಾಳಮದ್ದಳೆಗೂ ಹಾಗೆಯೇ. ಅವು ಕಂಪನಿ ಕ್ಯಾಸೆಟ್ಟಲ್ಲ, ಮನೆಯ ಕ್ಯಾಸೆಟ್ಟು. ಆ ರಾತ್ರಿಯದ್ದು ಜಗತ್ತಿನಲ್ಲಿ ಅದೊಂದೇ ಪ್ರತಿ ಇರಬಹುದು. ಮನೆಯ ಹಿರಿಯರು ಹೋದ ಮೇಲೆ ಅಟ್ಟ ಖಾಲಿ ಮಾಡುವವರು ಅದನ್ನು ಗುಜರಿಗೆ ಹಾಕಿಬಿಡುತ್ತಾರೆ. ಒಮ್ಮೆ ನಾನು ತಂದ ಗೋಣಿಯಲ್ಲಿ ಅಂಥದ್ದೊಂದು ಇತ್ತು. ಹೊದಿಕೆ ಇಲ್ಲ. ಪೆನ್ನಿನಲ್ಲಿ ಬರೆದ ಅಕ್ಷರ ಅಳಿಸಿಹೋಗಿತ್ತು. ನಾನು ಖಾಲಿ ಅಂದುಕೊಂಡು ಡೆಕ್ಕಿಗೆ ಹಾಕಿ ರೆಕಾರ್ಡ್ ಒತ್ತಿದೆ. ಹೆಡ್‌ಫೋನಿನಲ್ಲಿ ಯಾಕೋ ಸಂಶಯ ಬಂದು ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಕೇಳಿದಾಗ ನನ್ನ ನಾಯ್ಸ್ ಮುಗಿದಲ್ಲಿಂದ ಭಾಗವತರ ಸ್ವರ ಶುರುವಾಯಿತು. ಪದದ ಮೊದಲ ಭಾಗ ಹೋಗಿತ್ತು. ಸುಮಾರು ನಲ್ವತ್ತು ಸೆಕೆಂಡು. ಉಳಿದದ್ದನ್ನು ಆ ರಾತ್ರಿಯೇ ಕಂಪ್ಯೂಟರಿಗೆ ಇಳಿಸಿದೆ. ಆ ನಲ್ವತ್ತು ಸೆಕೆಂಡು ಯಾರ ಬಾಯಲ್ಲೂ ಇನ್ನು ಬರುವುದಿಲ್ಲ.

ಹಾಗಾಗಿ ನನ್ನ ನಿಯಮ: ಕೈಬರಹದ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡುವುದೇ ಇಲ್ಲ. ಹೊದಿಕೆ ಇಲ್ಲದ್ದನ್ನು ಎರಡೂ ಬದಿ ಪೂರ್ತಿ ಕೇಳಿದ ಮೇಲೆಯೇ ತೀರ್ಮಾನ. ಸಾವಿರಗಟ್ಟಲೆ ಅಚ್ಚಾದ ಸಿನಿಮಾ ಹಾಡಿನ ಕ್ಯಾಸೆಟ್ಟನ್ನು ಧೈರ್ಯವಾಗಿ ಬಳಸಿ. ಈ ಕೇಳುವ ಕೆಲಸಕ್ಕೆ ತಾಳ್ಮೆ ಇಲ್ಲದಿದ್ದರೆ ಗುಜರಿ ದಾರಿ ಬೇಡ, ಹೊಸದನ್ನೇ ಕೊಂಡುಕೊಳ್ಳಿ.

ಸದ್ದಿನ ಮಟ್ಟಿಗೆ ಹೇಳುವುದಾದರೆ, ಹಳೆ ಟೇಪು ಗೋಡೆ ನಾಯ್ಸ್‌ಗೆ ಹೊಂದುತ್ತದೆ. ಅಗ್ಗದ ಟೇಪ್ ರೆಕಾರ್ಡರ್‌ಗಳಲ್ಲಿ ಹಳೆಯದನ್ನು ಅಳಿಸುವುದು ಒಂದು ಸಣ್ಣ ಮ್ಯಾಗ್ನೆಟ್. ಅದು ಹಿಸ್ ಇನ್ನೂ ಜಾಸ್ತಿ ಬಿಟ್ಟುಹೋಗುತ್ತದೆ. ಅದು ಬೇಕೆಂದೇ ಬಳಸುವವರೂ ಇದ್ದಾರೆ.

ಕಾರ್ಖಾನೆಯಲ್ಲಿ ಮಾಡಿಸುವುದು, ಹೊರಗಿನ ಲೇಬಲ್ಲಿಗೆ ಕಳಿಸುವುದು

ಕಾರ್ಖಾನೆಯ ವಿಚಾರ ಬೇಗ ಮುಗಿಸುತ್ತೇನೆ. ಅಮೆರಿಕದ ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ನ್ಯಾಷನಲ್ ಆಡಿಯೊ ಕಂಪನಿಯಂಥವರು ಇವತ್ತಿಗೂ ಕ್ಯಾಸೆಟ್ ಮಾಡಿಕೊಡುತ್ತಾರೆ. ಅಚ್ಚುಕಟ್ಟಾಗಿರುತ್ತದೆ, ಎಲ್ಲ ಪ್ರತಿಯೂ ಒಂದೇ ಥರ. ಆದರೆ ಹಡಗೋ ವಿಮಾನವೋ ಹತ್ತಿ ಇಲ್ಲಿಗೆ ಬರುವ ಖರ್ಚು, ಮೇಲೆ ಕಸ್ಟಮ್ಸ್. 20 ಪ್ರತಿ ಸಾಕಾಗುವ ನಮಗೆ ನೂರರ ಲೆಕ್ಕದ ಈ ವ್ಯವಹಾರ ಹೊಂದುವುದಿಲ್ಲ.

ಹೊರಗಿನ ಸಣ್ಣ ಲೇಬಲ್ಲಿಗೆ ರೆಕಾರ್ಡಿಂಗ್ ಕಳಿಸುವುದು ಬೇರೆ ಮಾತು. ಅವರು ಒಪ್ಪಿದರೆ ನಿಮ್ಮ ಕೈಯಿಂದ ದುಡ್ಡು ಹೋಗುವುದಿಲ್ಲ. ಸಾಮಾನ್ಯವಾಗಿ ನಿಮಗೆ ಸಿಗುವುದು ಹಣವಲ್ಲ, ಕೆಲವು ಪ್ರತಿ. ದೊಡ್ಡ ಲಾಭ ಏನೆಂದರೆ, ಆ ಲೇಬಲ್ಲಿನ ಕ್ಯಾಸೆಟ್ ಕೊಳ್ಳುವವರ ಮನೆಯಲ್ಲಿ ಯಂತ್ರ ಇದ್ದೇ ಇರುತ್ತದೆ. ನಷ್ಟವೂ ಇದೆ. ಯಾವಾಗ ಬರುತ್ತದೆ, ಹೊದಿಕೆ ಹೇಗಿರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಊರಿನ ಗೆಳೆಯರು ಅದನ್ನು ತರಿಸಿಕೊಳ್ಳಬೇಕಾದರೆ ಎಷ್ಟೋ ಸಲ ಕ್ಯಾಸೆಟ್ಟಿಗಿಂತ ಅಂಚೆಯ ಖರ್ಚೇ ಜಾಸ್ತಿ. ಕಳಿಸುವ ಮೊದಲು ಆ ಲೇಬಲ್ಲಿನ ನಾಲ್ಕು ರೆಕಾರ್ಡಿಂಗ್ ಆದರೂ ಪೂರ್ತಿ ಕೇಳಿ. ಗೋಡೆ ನಾಯ್ಸ್ ತರುವವರಿಗೆ ಮೆಲುದನಿಯ ಕೆಲಸ ಕಳಿಸಿದರೆ ಇಬ್ಬರಿಗೂ ಬೇಸರ.

ಸುರತ್ಕಲ್ಲಿನ ಗೆಳತಿಯರಿಗೆ ಈ ದಾರಿ ಹೇಳಿದೆ, ಒಂದು ಷರತ್ತಿನ ಮೇಲೆ. ಅವರದ್ದು ಉದ್ದುದ್ದ ಎಳೆದ ಸ್ವರ. ಚೆಂಡೆಯ ಒಳಗಿನ ಗಾಳಿ, ಚರ್ಮ ಎರಡೂ ಸೇರಿ ಒಂದೇ ಶ್ರುತಿಯಲ್ಲಿ ನಿಮಿಷಗಟ್ಟಲೆ ನಿಲ್ಲುತ್ತದೆ. ಬೆಲ್ಟ್ ಸಡಿಲಾದ ಡೆಕ್ಕಿನಲ್ಲಿ ಅಂಥ ಸ್ವರ ನಡುಗುತ್ತದೆ. ಗದ್ದಲದಲ್ಲಿ ಈ ನಡುಕ ಅಡಗಿಹೋಗುತ್ತದೆ, ಇಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಒಳ್ಳೆಯ ಯಂತ್ರ ಇಟ್ಟುಕೊಂಡು ಡಬ್ ಮಾಡುವ ಲೇಬಲ್ ಸಿಕ್ಕಿದರೆ ಕ್ಯಾಸೆಟ್. ಇಲ್ಲದಿದ್ದರೆ ಸಿಡಿ. ಆ ನಡುಕವೇ ಅವರಿಗೆ ಇಷ್ಟವಾದರೆ ಮನೆಯ ಟೂ ಇನ್ ಒನ್ನೇ ಸಾಕು. ಅದನ್ನು ಅವರೇ ಕೇಳಿ ತೀರ್ಮಾನಿಸಬೇಕು. ಒಂದು ಬದಿ ರೆಕಾರ್ಡ್ ಮಾಡಿ ನೋಡಿ ಅಂತ ಹೇಳಿದ್ದೇನೆ.

ಸಿಡಿ-ಆರ್ ಮತ್ತು ಪೆನ್‌ಡ್ರೈವ್

ನಾಯ್ಸ್ ಜಗತ್ತಿನಲ್ಲಿ 2000ದ ಆಸುಪಾಸು ಮನೆಯಲ್ಲೇ ಬರೆದುಕೊಳ್ಳುವ ಸಿಡಿ-ಆರ್‌ನ ಕಾಲವೇ ಇತ್ತು. 80 ನಿಮಿಷ ಹಿಡಿಯುತ್ತದೆ, ಬರೆಯಲು ಕೆಲವೇ ನಿಮಿಷ, ಹಿಸ್ ಇಲ್ಲ, ನಡುಕ ಇಲ್ಲ. ಜೆಪ್ಪುವಿನ ಹಿರಿಯರ ಮಳೆಗೆ ನಾನು ಟೇಪು ಬೇಡ ಎಂದೆ. ಹಂಚಿನ ಮೇಲಿನ ಮಳೆಯೂ ಟೇಪಿನ ಹಿಸ್ಸೂ ಕಿವಿಗೆ ಅಕ್ಕತಂಗಿಯರ ಹಾಗೆ. ಮಳೆ ಹನಿ ಕಡಿಮೆಯಾಗುತ್ತಾ ಬಂದು ಮಾಡಿನಂಚಿನಿಂದ ತೊಟ್ಟಿಕ್ಕುವ ಜಾಗ ಅವರ ರೆಕಾರ್ಡಿಂಗಿನ ಜೀವ. ಟೇಪಿನಲ್ಲಿ ಅಲ್ಲಿ ಹಿಸ್ ಮಾತ್ರ ಉಳಿಯುತ್ತದೆ, ಮಳೆ ನಿಂತದ್ದೇ ಗೊತ್ತಾಗುವುದಿಲ್ಲ.

ಸಿಡಿ-ಆರ್‌ನ ತೊಂದರೆ ಅದರ ಬಣ್ಣದ ಪದರ. ಬಿಸಿಲು, ಸೆಖೆ, ತೇವ ಯಾವುದೂ ಅದಕ್ಕೆ ಆಗುವುದಿಲ್ಲ. ಕೆಟ್ಟಾಗ ಟೇಪಿನ ಹಾಗೆ ಮೆಲ್ಲಗೆ ಮಸುಕಾಗುವುದಿಲ್ಲ, ಪಟ್ ಅಂತ ಓದದೆ ನಿಲ್ಲುತ್ತದೆ. ಮೂಲ ಫೈಲ್ ಇರುವ ತನಕ ಮತ್ತೊಂದು ಬರೆದು ಕೊಡಬಹುದು. ಅವರ ನೆಂಟರಿಷ್ಟರು ಕೇಳುವುದು ಕಾರಿನಲ್ಲಿ. ಅಂಥವರಿಗೆ ಪೆನ್‌ಡ್ರೈವೇ ಸರಿ ಅಂತ ಅವರಿಗೆ ಹೇಳಿದೆ.

ಬರೀ ಫೈಲ್

ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ನೆಟ್ಟಿನಲ್ಲಿ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್‌ನಂಥ ಜಾಗದಲ್ಲಿ ಹಾಕಿದರೆ ಮಾರಾಟವಾದದ್ದರಲ್ಲಿ ಶೇಕಡ 15 ಅವರಿಗೆ, ಕ್ಯಾಸೆಟ್ಟಿನಂಥ ವಸ್ತುವಾದರೆ ಶೇಕಡ 10, ಪಾವತಿಯ ಶುಲ್ಕ ಬೇರೆ. ಅಲ್ಲಿ ದುಡ್ಡು ದಾಟಿಸುವ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಅದಕ್ಕೇ ಊರಿನವರಿಗೆ ಯುಪಿಐನಲ್ಲಿ ನೇರ ಕೊಡಿ, ಹೊರದೇಶದವರಿಗೆ ಮಾತ್ರ ಆ ಪುಟ.

ಎಂಪಿ3 ಮಾತ್ರ ಮಾಡಬೇಡಿ. ಕಿವಿಗೆ ಗೊತ್ತಾಗದ್ದನ್ನು ಬಿಟ್ಟು ಜಾಗ ಉಳಿಸುವುದು ಅದರ ಉಪಾಯ. ನಾಯ್ಸ್‌ನಲ್ಲಿ ಎಲ್ಲ ಸ್ವರವೂ ಒಟ್ಟಿಗೆ, ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತದೆ. ಯಾವುದನ್ನು ಬಿಡುವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಕಡಿಮೆ ಬಿಟ್‌ರೇಟಿನಲ್ಲಿ ಕೊಟ್ಟರೆ ನೀರೊಳಗೆ ಮುಳುಗಿ ಕೇಳಿದ ಹಾಗೆ ಗುಳುಗುಳು ಅನ್ನುತ್ತದೆ. ಟೇಪಿನ ಮೊಂಡುತನ ಬೇರೆ, ಈ ಗುಳುಗುಳು ಬೇರೆ. ಇದರಲ್ಲಿ ಯಾವ ಚಂದವೂ ಇಲ್ಲ. ಏನನ್ನೂ ಬಿಡದ ವೇವ್ ಅಥವಾ ಫ್ಲ್ಯಾಕ್ ಫೈಲ್ ಕೊಡಿ. 28 ನಿಮಿಷಕ್ಕೆ ವೇವ್ ಫೈಲ್ ಸುಮಾರು 300 ಎಂಬಿ ಆಗುತ್ತದೆ. ಹಾಡಿನ ಫೈಲನ್ನು ಫ್ಲ್ಯಾಕ್ ಚೆನ್ನಾಗಿ ಕುಗ್ಗಿಸುತ್ತದೆ, ನಾಯ್ಸ್ ಆದರೆ ಅಷ್ಟಾಗಿ ಕುಗ್ಗುವುದಿಲ್ಲ. ಗಾಬರಿ ಬೇಡ, ತಪ್ಪಾದದ್ದಲ್ಲ.

ಫೈಲಿಗೆ ನಾನು ಕಂಡ ಒಂದೇ ಕೊರತೆ, ಜನ ಅದನ್ನು ಅರ್ಧಕ್ಕೆ ಬಿಟ್ಟುಬಿಡುತ್ತಾರೆ. ಫೋನಿನಲ್ಲಿ ಎರಡು ನಿಮಿಷ ಕೇಳಿ ಮುಂದಕ್ಕೆ ತಳ್ಳುತ್ತಾರೆ. ಕ್ಯಾಸೆಟ್ಟನ್ನು ಹಾಗೆ ತಳ್ಳುವುದು ಕಷ್ಟ, ಸುಮ್ನೆ ಬದಿ ಮುಗಿಯುವ ತನಕ ಕೂರುತ್ತಾರೆ. ಗೋಡೆ ನಾಯ್ಸ್ ಹತ್ತನೇ ನಿಮಿಷದ ಮೇಲೆ ಒಳಗೆ ಬಾಗಿಲು ತೆರೆಯುವ ಸಂಗೀತ. ಅದಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ದುಡ್ಡು ಮತ್ತು ಸಂದರ್ಭ ನೋಡಿ ಹೇಳುವುದಾದರೆ

ಕೈಯಲ್ಲಿ ಸಾವಿರ ರೂಪಾಯಿಗಿಂತ ಕಡಿಮೆ ಇದ್ದು, ಸದ್ದು ಒರಟಾಗಿದ್ದರೆ ಗುಜರಿ ಕ್ಯಾಸೆಟ್ ಹತ್ತು ಸಾಕು. ಜೊತೆಗೆ ಫೈಲಿನ ಕೊಂಡಿಯನ್ನು ಹೊದಿಕೆಯೊಳಗೆ ಬರೆದುಕೊಡಿ, ಯಂತ್ರ ಇಲ್ಲದವರೂ ಕೇಳಲಿ. ಎರಡು ಮೂರು ಸಾವಿರ ಹಾಕಬಹುದು, ಡೆಕ್ ಗೆಳೆಯರ ಹತ್ತಿರ ಇದೆ ಅನ್ನುವವರು ಹೊಸ ಸಿ-30ಯಲ್ಲಿ ಇಪ್ಪತ್ತರ ಒಳಗೆ ಮಾಡಿ. ಡೆಕ್ಕೇ ಇಲ್ಲದವರು ಅದನ್ನು ಕೊಳ್ಳಲು ಹೊರಡುವ ಮೊದಲು ಮನೆಯ ಅಟ್ಟ ಹುಡುಕಿ. ಎಷ್ಟೋ ಸಲ ಬೆಲ್ಟ್ ಬದಲಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಡ್ಸ್‌ನಿಂದ ಒರೆಸಿದರೆ ಓಡುತ್ತದೆ. ಮೆಲುದನಿಯ, ಮೌನ ಇರುವ ಕೆಲಸಕ್ಕೆ ಎಷ್ಟು ದುಡ್ಡಿದ್ದರೂ ನಾನು ಟೇಪು ಹೇಳುವುದಿಲ್ಲ. ನಿಮಗೆ ದೂರದ ಕಿವಿಗಳು ಬೇಕು, ಕಾಯಲು ತಯಾರು ಅನ್ನುವುದಾದರೆ ಲೇಬಲ್ಲಿಗೆ ಬರೆಯಿರಿ.

ಇನ್ನು ಮಳೆ. ನನ್ನ ಮೊದಲ ಹದಿನೈದು ಪ್ರತಿ ಜೂನಿನಲ್ಲಿ ಡಬ್ ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿ ಅಟ್ಟದ ಮೇಲೆ ಇಟ್ಟಿದ್ದೆ. ಚೌತಿಗೆ ತೆಗೆದು ನೋಡಿದರೆ ಆರರಲ್ಲಿ ಬೂಷ್ಟು. ರಟ್ಟೇ ನೀರು ಕುಡಿದು ಟೇಪಿಗೆ ಕೊಟ್ಟಿತ್ತು. ಈಗ ಡಬ್ಬಿಂಗ್ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳುತ್ತೇನೆ. ಮುಗಿದದ್ದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಸ್ಪೀಕರಿನಿಂದ ದೂರ, ಗೋಡೆಗೆ ತಾಗದ ಕಪಾಟಿನಲ್ಲಿ ನಿಲ್ಲಿಸುತ್ತೇನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಮ್ಮೆ ಪೊಟ್ಟಣ ಬದಲಿಸಿ, ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಈ ತುದಿಯಿಂದ ಆ ತುದಿಗೆ ಓಡಿಸಿ ಇಡುತ್ತೇನೆ. ಐಸ್ ಯಂತ್ರದ ಹುಡುಗ ನವೆಂಬರ್ ತನಕ ಕಾಯಲು ಒಪ್ಪಿದ್ದಾನೆ. ಅಲ್ಲಿಯ ತನಕ ಅವನಿಗೆ ನನ್ನ ಗೋಣಿಯಲ್ಲಿ ಉಳಿದಿರುವ ಹೊದಿಕೆ ಇಲ್ಲದ ಹದಿಮೂರು ಕ್ಯಾಸೆಟ್ ಕೇಳಿ ಮುಗಿಸುವ ಕೆಲಸ ಕೊಟ್ಟಿದ್ದೇನೆ.